ಇಲ್ಲದ ಕಡೆ ಹಕಾರ

ಫೆಬ್ರವರಿ 3, ಸೋಮವಾರ

ಇವತ್ತಿನಿಂದ ಈ ಪುಸ್ತಕದಲ್ಲಿ ಶುದ್ಧ ಕನ್ನಡದಲ್ಲೇ ಬರೆಯುತ್ತೇನೆ. ಇದು ಆಣೆ. ಕೈಗೆ ಅಭ್ಯಾಸವಾದರೆ ಬಾಯಿಗೂ ಆದೀತು.

ಆಸ್ಪತ್ರೆಯ ಪೋಸ್ಟಿಂಗಿನ ಮೊದಲ ದಿನ. ಎಂ.ಎಸ್ಸಿ. ಸೈಕಾಲಜಿಯ ಕೊನೆಯ ಸೆಮಿಸ್ಟರಿನಲ್ಲಿ, ಇಷ್ಟು ದಿನ ಓದಿದ್ದನ್ನೆಲ್ಲ ನಿಜವಾದ ಮನುಷ್ಯರ ಮುಂದೆ ಕೂತು ಮಾಡಬೇಕು. ಮಾಡಿದ್ದನ್ನು ರವಿಚಂದ್ರ ಸರ್ ನೋಡಿ ಸಹಿ ಹಾಕಬೇಕು. ಅವರ ಸಹಿ ಇಲ್ಲದಿದ್ದರೆ ಡಿಗ್ರಿ ಇಲ್ಲ. ಸರ್ ನಗುವುದಿಲ್ಲ, ಬೈಯುವುದೂ ಇಲ್ಲ. ಕನ್ನಡಕದ ಮೇಲಿನಿಂದ ಸುಮ್ಮನೆ ನೋಡುತ್ತಾರೆ. ಅದಕ್ಕಿಂತ ಬೈದರೇ ವಾಸಿ.

ಎಲ್ಲರೂ ಪರಿಚಯ ಹೇಳಿಕೊಳ್ಳಿ ಅಂದರು. ಚಾಮರಾಜಪುರಂನ ಗಗನ ಎದ್ದು ಪಟಪಟ ಅಂತ ಒಪ್ಪಿಸಿ ಕೂತಳು. ಆಮೇಲೆ ನಾನು. ‘ನಾನು ಯಶೋಧಾ, ಅಶೋಕಪುರಂ. ಮಕ್ಕಳ ಜೊತೆ ಕೆಲಸ ಮಾಡಲು ಇಷ್ಟ. ಹಾದರೆ ಅನುಭವ ಕಡಿಮೆ’ ಅಂದೆ.

ಹಾದರೆ! ಆದರೆ ಅನ್ನಲು ಹೋಗಿ ಹಾದರೆ! ಹಾದರ ಎಂದರೆ ಏನೆಂದು ಗೊತ್ತಿಲ್ಲದವರು ಆ ರೂಮಿನಲ್ಲಿ ಯಾರಿದ್ದರು? ಎಲ್ಲ ಗೊಳ್ಳೆಂದರು. ಗಗನ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಮ್ಮ ಮನೆಯಲ್ಲಿ ಹಕಾರವೇ ಇಲ್ಲ. ಅವ್ವನಿಗೆ ಹಾಲು ಆಲು, ಹೂವು ಊವು, ಹಸು ಅಸು. ಕಾಲೇಜಿನ ಮೊದಲ ವರ್ಷ ‘ಅಂಗೇ, ಇಂಗೇ’ ಅಂದು ಬೇಕಾದಷ್ಟು ನಗೆಪಾಟಲಾದೆ. ಅಲ್ಲಿಂದ ಶುರುವಾಯಿತು ನನ್ನ ಸಾಧನೆ, ಕನ್ನಡಿ ಮುಂದೆ ನಿಂತು ಹ, ಹಾ, ಹಿ, ಹೀ. ಈಗ ಇರಬೇಕಾದ ಕಡೆ ಹ ಬರುತ್ತದೆ. ಹೆದರಿಕೆಯಾದರೆ ಇಲ್ಲದ ಕಡೆಯೂ ಬಂದು ಕೂರುತ್ತದೆ, ಕರೆಯದೆ ಬಂದ ನೆಂಟರ ಹಾಗೆ.

ಇನ್ನು ಮೇಲೆ ನಿಧಾನವಾಗಿ ಮಾತಾಡಬೇಕು. ಹುಷಾರಾಗಿ.

ಫೆಬ್ರವರಿ 6, ಗುರುವಾರ

ಇಲ್ಲಿನ ಪದ್ಧತಿ ಹೀಗಿದೆ. ನಾವು ಮಾಡುವ ಪ್ರತಿಯೊಂದು ಪರೀಕ್ಷೆಯನ್ನೂ ಮನೆಯವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಬೇಕು. ಅದು ವಿಭಾಗದ ಕಂಪ್ಯೂಟರಿನಲ್ಲೇ ಇರುತ್ತದೆ, ಹೊರಗೆ ಒಯ್ಯುವಂತಿಲ್ಲ. ಸರ್‌ಗೆ ಬಿಡುವಾದಾಗ ಕೇಳಿ ತಪ್ಪು ಹೇಳುತ್ತಾರೆ. ಇವತ್ತು ಗಗನಳ ಸರದಿ. ‘ಮಗು ಯೋಚನೆ ಮಾಡ್ತಿದೆ, ನೀವು ಮಧ್ಯ ಬಾಯಿ ಹಾಕಿದ್ರಿ’ ಅಂದರು. ಅವಳ ಮುಖ ಇಷ್ಟಾಯಿತು. ನನಗೆ ಒಳಗೊಳಗೇ ಖುಷಿಯಾಯಿತು. ಇಲ್ಲಿ ಸುಳ್ಳು ಬರೆದು ಏನು ಮಾಡಲಿ?

ಫೆಬ್ರವರಿ 10, ಸೋಮವಾರ

ನನ್ನ ಮೊದಲ ಕೇಸ್ ಸಿಕ್ಕಿತು. ಸಿಂಚನ, ಎಂಟು ವರ್ಷ. ಎರಡು ಜಡೆ, ಕೆಂಪು ರಿಬ್ಬನ್. ಬಂದಾಗಿನಿಂದ ಹೋಗುವವರೆಗೂ ರಿಬ್ಬನ್ನಿನ ತುದಿಯನ್ನು ಬಾಯಲ್ಲಿಟ್ಟುಕೊಂಡೇ ಇದ್ದಳು. ಕರೆದುಕೊಂಡು ಬಂದವರು ಅಜ್ಜಿ ದೇವಿರಮ್ಮ. ನರಸೀಪುರದ ಕಡೆಯವರು, ಈಗ ಸಿದ್ಧಾರ್ಥನಗರದ ಹಿಂದುಗಡೆ ಬಾಡಿಗೆಗೆ ಇದ್ದಾರೆ. ಮಗುವಿನ ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಾರೆ, ರಜ ಸಿಗುವುದಿಲ್ಲ.

ಶಾಲೆಯವರು ಮಗುವಿನ ಬುದ್ಧಿಮಟ್ಟದ ರಿಪೋರ್ಟ್ ತರಬೇಕೆಂದು ಹೇಳಿ ಕಳಿಸಿದ್ದಾರೆ. ಮುಂದಿನ ವಾರ, ಬುಧವಾರದ ಮೀಟಿಂಗಿನಲ್ಲಿ ಇವಳನ್ನು ಇಟ್ಟುಕೊಳ್ಳುವುದೋ, ಟಿ.ಸಿ. ಕೊಟ್ಟು ವಿಶೇಷ ಮಕ್ಕಳ ಶಾಲೆಗೆ ಕಳಿಸುವುದೋ ತೀರ್ಮಾನವಂತೆ.

‘ನಮ್ ಕೂಸು ದಡ್ಡಿ ಅಲ್ಲ ಕಣವ್ವ’ ಅಂದರು ದೇವಿರಮ್ಮ. ‘ಮನೇಲಿ ನನ್ನೇ ಮಾರಾಕ್ಬುಡ್ತಳೆ. ಇಸ್ಕೂಲಲ್ಲೇ ಬಾಯ್ ಬುಡಕಿಲ್ಲ. ನಾಕ್ ಮಾತಾಡುದ್ರೆ ನಾಕೂ ತಪ್ಪು ಅಂತರಂತೆ ಮಿಸ್ಸು. ಅದ್ಕೆ ಸುಮ್ಕಾಗ್ಬುಟ್ಟವ್ಳೆ. ಬರ್ಕೊಡವ್ವ, ಸರ್ಯಾಗವ್ಳೆ ಅಂತ.’

‘ಹಾಗೆಲ್ಲ ಬರೆಯಲು ಆಗುವುದಿಲ್ಲ ಅಜ್ಜಿ, ಪರೀಕ್ಷೆ ಮಾಡಿ ನೋಡಬೇಕು’ ಅಂದೆ. ಹಕಾರ ಇರಬೇಕಾದ ಕಡೆ ಮಾತ್ರ ಬಂತು. ಅಜ್ಜಿ ನನ್ನನ್ನು ಒಂದು ಥರಾ ನೋಡಿ ಸೆರಗು ಸರಿಮಾಡಿಕೊಂಡು ‘ಆಯ್ತು ಮೇಡಮ್ಮೋರೆ’ ಅಂದರು. ಅವ್ವ ಅಂದವರು ಮೇಡಮ್ಮೋರೆ ಅಂದರಲ್ಲ, ಅಲ್ಲಿಗೆ ನನ್ನ ಮಾತು ಸುಧಾರಿಸಿದೆ ಅಂತಲೇ ಲೆಕ್ಕ.

ಫೆಬ್ರವರಿ 12, ಬುಧವಾರ

ಪರೀಕ್ಷೆ ಮುಗಿಯಿತು. ಮಗುವಿಗಿಂತ ನಾನೇ ಹೆಚ್ಚು ಬೆವರಿದೆ.

ಸರ್ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲು ಕಟ್ಟಿಗೆ ತುಂಡು ಜೋಡಿಸಿ ಚಿತ್ರ ಮಾಡುವುದು. ಸಿಂಚನ ರಿಬ್ಬನ್ ಬಾಯಿಂದ ತೆಗೆದು ಚಕಚಕ ಜೋಡಿಸಿಬಿಟ್ಟಳು. ಆಮೇಲೆ ಪದಗಳ ಭಾಗ. ನಾನು ಪಟ್ಟಿಯಿಂದ ಒಂದು ಪದ ಓದಬೇಕು, ಅವಳು ಹಾಗೆಂದರೆ ಏನು ಅಂತ ಹೇಳಬೇಕು. ಸಾಲಾಗಿ ಮೂರು ತಪ್ಪಾದರೆ ಅಲ್ಲಿಗೇ ನಿಲ್ಲಿಸಬೇಕು, ಮುಂದಿನ ಪದ ಕೇಳುವಂತಿಲ್ಲ. ಅದು ನಿಯಮ.

ಅಷ್ಟರಲ್ಲಿ ಸರ್‌ಗೆ ಫೋನ್ ಬಂದು ಹೊರಗೆ ಹೋದರು. ಯಾವ ಗಳಿಗೆಯಲ್ಲಿ ವಾಪಸು ಬಂದು ಹಿಂದೆ ನಿಲ್ಲುತ್ತಾರೋ ಅಂತ ನನ್ನ ಒಂದು ಕಿವಿ ಬಾಗಿಲಲ್ಲೇ ಇತ್ತು. ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಓದಿದೆ.

ಚಮಚ ಹೇಳಿದಳು, ಕೊಡೆ ಹೇಳಿದಳು. ಆಮೇಲೆ ಕೆಟ್ಟಿತು. ಅಕ್ಕಿ ಎಂದರೆ ‘ಆರೋಯ್ತದೆ’ ಅಂದಳು. ಅನ್ನ ಆರಿ ಹೋಗುವುದನ್ನು ಹೇಳುತ್ತಿದ್ದಾಳೋ ಏನೋ. ಹೇಳುತ್ತಾ ಕಿಟಕಿಯ ಕಡೆ ಕೈ ತೋರಿಸಿದಳು. ‘ಗಮನ ಬೇರೆಡೆ’ ಎಂದು ಬರೆದುಕೊಂಡೆ. ಆಡು ಎಂದರೆ ‘ಮಿಸ್ಸು ಏಳ್ಕೊಡ್ತರೆ’ ಅಂತೆ. ಮೇಕೆಯನ್ನು ಮಿಸ್ ಏನು ಹೇಳಿಕೊಡುತ್ತಾರೆ? ಉಳಿ ಎಂದರೆ ‘ಸಾರ್ಗೆ ಆಕ್ತರೆ’. ಬಡಗಿಯ ಉಳಿಯನ್ನು ಸಾರಿಗೆ! ಸಾಲಾಗಿ ಮೂರು ತಪ್ಪು. ನಿಲ್ಲಿಸಿದೆ.

ಅವಳು ‘ಆಯ್ತಾ ಮಿಸ್? ಇನ್ನೊಂದ್ ಕೇಳಿ’ ಅಂದಳು. ಕೇಳುವಂತಿಲ್ಲವಲ್ಲ. ಪಾಪ ಅನ್ನಿಸಿತು.

ಫೆಬ್ರವರಿ 14, ಶುಕ್ರವಾರ

ಮಾತಿನ ಭಾಗ ತೀರ ಕೆಳಗೆ ಹೋದದ್ದರಿಂದ ಒಟ್ಟು ಅಂಕವೂ ಜಾರಿತು. ‘ಸೌಮ್ಯ ಪ್ರಮಾಣದ ಬೌದ್ಧಿಕ ಅಸಾಮರ್ಥ್ಯ’ ಎಂದು ಬರೆದೆ. ಸರ್‌ಗೆ ಇವತ್ತು ವಾರ್ಡಿನಲ್ಲಿ ಕೆಲಸವೋ ಕೆಲಸ. ರೆಕಾರ್ಡಿಂಗ್ ಕೇಳಲು ಪುರಸೊತ್ತಿಲ್ಲದೆ ನನ್ನ ಬರವಣಿಗೆ ಓದಿ ‘ಕ್ರಮ ಸರಿಯಾಗಿದೆ’ ಅಂದು ಸಹಿ ಹಾಕಿದರು. ಸರಿಯಾಗಿದೆ! ಆ ಒಂದು ಮಾತಿಗೆ ನಾನು ಕ್ಯಾಂಟೀನಿನಲ್ಲಿ ಗಗನಳಿಗೂ ಕಾಫಿ ಕೊಡಿಸಿದೆ.

ಮಧ್ಯಾಹ್ನ ದೇವಿರಮ್ಮ ಬಂದರು. ರಿಪೋರ್ಟಿನ ಅರ್ಥ ಬಿಡಿಸಿ ಹೇಳಿದೆ. ಅವರು ಅಳಲಿಲ್ಲ, ಜಗಳವಾಡಲಿಲ್ಲ. ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ‘ನಾಳೆನೇ ಇಸ್ಕೂಲ್ಗೆ ಕೊಡ್ಬೇಕು’ ಅಂದರು. ಸಿಂಚನ ರಿಬ್ಬನ್ ಕಚ್ಚಿಕೊಂಡು ಅಜ್ಜಿಯ ಹಿಂದೆ ಹೋದಳು. ಕಾರಿಡಾರಿನ ತಿರುವಿನಲ್ಲಿ ಒಮ್ಮೆ ನನ್ನ ಕಡೆ ಕೈ ಬೀಸಿದಳು.

ನಾನು ಮಾಡಿದ್ದು ಕ್ರಮಬದ್ಧವಾಗಿದೆ. ಆದರೂ ಊಟ ಸೇರಲಿಲ್ಲ.

ಫೆಬ್ರವರಿ 16, ಭಾನುವಾರ

ಅವ್ವ ರೊಟ್ಟಿ ಹಿಟ್ಟಿಗೆಂದು ಅಕ್ಕಿ ತೊಳೆದು ತಾರಸಿಯ ಮೇಲೆ ಹಳೇ ಸೀರೆ ಹಾಸಿ ಹರವಿದ್ದಳು. ನಾನು ಕೆಳಗೆ ಓದಿಕೊಳ್ಳುತ್ತಿದ್ದೆ. ಮೇಲಿನಿಂದ ಒಂದೇ ಸಮ ಕೂಗಿದಳು.

‘ಯಶೂ, ಬೇಗ್ ಬಾರವ್ವ! ಅಕ್ಕಿನೆಲ್ಲ ಅಕ್ಕಿ ತಿಂದಾಕ್ಬುಟ್ಟವೆ!’

ಪೊರಕೆ ಹಿಡಿದು ಓಡಿದೆ. ಪಾರಿವಾಳಗಳ ಹಿಂಡು. ಉಶ್ ಅಂತ ಪೊರಕೆ ಬೀಸಿದೆ. ಎಲ್ಲ ಒಟ್ಟಿಗೆ ಎದ್ದವು. ‘ಆರೋದ್ವು, ಬುಡು’ ಅಂದಳು ಅವ್ವ.

ನಾನು ಪೊರಕೆ ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತುಬಿಟ್ಟೆ. ಆರೋದ್ವು. ಆರೋಯ್ತದೆ. ಅವತ್ತು ಆ ಕಿಟಕಿಯ ಸಜ್ಜದ ಮೇಲೆ ಒಂದು ಪಾರಿವಾಳ ಕೂತಿತ್ತು. ನಾನೂ ನೋಡಿದ್ದೆ. ನೋಡಿಯೂ ‘ಗಮನ ಬೇರೆಡೆ’ ಅಂತ ಬರೆದೆ.

ಅವಳು ಹಕ್ಕಿಯ ಅರ್ಥ ಹೇಳಿದ್ದಾಳೆ. ಮಿಸ್ಸು ಹೇಳಿಕೊಡೋದು ಹಾಡು. ಸಾರಿಗೆ ಹಾಕೋದು ಹುಳಿ. ಅವ್ವ ಹೇಳಿದ ಎರಡು ಅಕ್ಕಿ ನನಗೆ ಒಂದು ಚೂರೂ ಯೋಚಿಸದೆ ಅರ್ಥವಾಯಿತು. ಆ ಮಗು ಹೇಳಿದ್ದು ಯಾಕೆ ಆಗಲಿಲ್ಲ? ಅಯ್ಯೋ ಶಿವನೇ. ನಮ್ಮ ಮನೆ ಮಾತಿಗೆ ನಾನೇ ಸೊನ್ನೆ ಹಾಕಿ ಬಂದಿದ್ದೀನಿ.

ಆದರೆ ಒಂದು ಅರ್ಥವಾಗುತ್ತಿಲ್ಲ. ನಾನು ಅಕ್ಕಿ ಅಂತ ತಾನೇ ಓದಿದ್ದು? ಅನ್ನದ ಅಕ್ಕಿ ಬಿಟ್ಟು ಅವಳಿಗೆ ಹಕ್ಕಿಯೇ ಯಾಕೆ ಹೊಳೆಯಿತು? ಮೂರಕ್ಕೆ ಮೂರೂ ಹಾಗೇ ಆಗಬೇಕಾ?

ರೆಕಾರ್ಡಿಂಗ್ ಆಸ್ಪತ್ರೆಯಲ್ಲಿದೆ. ನಾಳೆಯವರೆಗೂ ಕಾಯಬೇಕು. ‘ಯಾಕವ್ವ ಇಂಗ್ ಕೂತಿದ್ದೀಯ, ಎಲ್ಲಾ ತಿಂದಿಲ್ಲ ಬುಡು, ರೊಟ್ಟಿಗಾಯ್ತದೆ’ ಅಂದಳು ಅವ್ವ.

ಫೆಬ್ರವರಿ 17, ಸೋಮವಾರ

ಎಲ್ಲರಿಗಿಂತ ಮೊದಲೇ ಹೋಗಿ ಹೆಡ್‌ಫೋನ್ ಹಾಕಿಕೊಂಡು ಕೂತೆ.

ಒಬ್ಬ ಹೆಂಗಸು ಕೇಳುತ್ತಾಳೆ, ‘ಹಕ್ಕಿ. ಹಕ್ಕಿ ಎಂದರೆ ಏನು?’ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ. ಯಾರಪ್ಪಾ ಇವಳು ಅಂದುಕೊಂಡೆ. ನಾನು. ನಾನೇ.

‘ಆರೋಯ್ತದೆ. ಅಗೋ, ಅಲ್ಲಿ ಕೂತದಲ್ಲ’ ಅಂತಾಳೆ ಸಿಂಚನ.

‘ಹಾಡು ಎಂದರೆ ಏನು?’ ‘ಮಿಸ್ಸು ಏಳ್ಕೊಡ್ತರೆ.’

‘ಹುಳಿ ಎಂದರೆ ಏನು?’ ‘ಸಾರ್ಗೆ ಆಕ್ತರೆ.’

ಪಟ್ಟಿಯಲ್ಲಿ ಇರೋದು ಅಕ್ಕಿ, ಆಡು, ಉಳಿ. ಮೂರಕ್ಕೂ ನಾನು ಹ ಸೇರಿಸಿದ್ದೀನಿ. ಸರ್ ಬಂದುಬಿಟ್ಟರೆ ಅನ್ನೋ ಹೆದರಿಕೇಲಿ ಇಲ್ಲದ ಹಕಾರ ಎಳಕೊಂಡು ಬಂದು ಆ ಕೂಸಿನ ಮುಂದೆ ಇಟ್ಟಿದ್ದೀನಿ. ಅವಳು ನಾನು ಕೇಳಿದ್ದಕ್ಕೆ ಸರಿಯಾಗೇ ಹೇಳಿದಳು. ಮೂರೂ ಸರಿ. ತಪ್ಪು ನಂದು.

ಹೇಳಬೇಕು. ಹೇಳಿದರೆ ಇದನ್ನ ಎಲ್ಲರ ಮುಂದೆ ಹಾಕಿ ಕೇಳಿಸ್ತಾರೆ. ಹಾದರೆ ಅಂದಿದ್ದನ್ನೇ ಇನ್ನೂ ಯಾರೂ ಮರೆತಿಲ್ಲ.

ಅದೇ ದಿನ, ಸಂಜೆ

ಹೇಳಲಿಲ್ಲ. ಸರ್ ರೂಮಿನ ಮುಂದೆ ಹೋದೆ, ಬಾಗಿಲು ತೆಗೆದೇ ಇತ್ತು, ‘ಏನಮ್ಮ?’ ಅಂದರು. ‘ಏನಿಲ್ಲ ಸರ್’ ಅಂದು ಬಂದೆ. ಥೂ ನನ್ನ ಜನ್ಮಕ್ಕೆ.

ಬುಧವಾರ ಮೀಟಿಂಗು. ನಾಳೆ ಒಂದೇ ದಿನ ಇರೋದು.

ಫೆಬ್ರವರಿ 18, ಮಂಗಳವಾರ

ಹೇಳಿಬಿಟ್ಟೆ.

ಬೆಳಗ್ಗೆ ಕೇಸ್ ಚರ್ಚೆಗೆ ಎಲ್ಲರೂ ಸೇರಿದ್ರು. ಗಗನ ತನ್ನ ಕೇಸ್ ಶುರು ಮಾಡಬೇಕು ಅನ್ನೋವಾಗ ನಾನೇ ಎದ್ದು ನಿಂತೆ.

‘ಸರ್, ಸಿಂಚನಳ ರಿಪೋರ್ಟು ತಪ್ಪು.’

‘ಅಂಕ ಕೂಡಿಸೋದ್ರಲ್ಲಾ?’

‘ಅಲ್ಲ ಸರ್. ಕೇಳೋದ್ರಲ್ಲಿ.’

ಕನ್ನಡಕದ ಮೇಲಿಂದ ನೋಡಿದರು. ‘ಹಾಕಿ’ ಅಂದರು. ಸ್ಪೀಕರಲ್ಲಿ ಹಾಕಿದೆ. ಹಕ್ಕಿ ಎಂದರೆ ಏನು, ಅಂತ ಇಡೀ ರೂಮಿಗೆ ನನ್ನ ದನಿ. ಹಿಂದುಗಡೆ ಯಾರೋ ಕಿಸಕ್ಕಂದ್ರು. ನಾನು ಪಟ್ಟಿ ಎತ್ತಿ ತೋರಿಸಿದೆ, ‘ಇಲ್ಲಿ ಇರೋದು ಅಕ್ಕಿ. ನಮ್ಮನೇಲಿ ಹಕಾರ ಇಲ್ಲ ಸರ್. ನಾಚ್ಕೆ ಆಯ್ತದೆ ಅಂತ ಕಲ್ತೆ. ಭಯ ಆದ್ರೆ ಇಲ್ದಿರೋ ಕಡೆನೂ ಬಂದ್ಬುಡ್ತದೆ. ಆ ಮಗು ಮೂರಕ್ಕೂ ಸರಿಯಾಗೇ ಹೇಳಿದೆ’ ಅಂದೆ.

ಸರ್ ಇನ್ನೊಂದು ಸಲ ಹಾಕಿಸಿದ್ರು. ‘ಅಗೋ, ಅಲ್ಲಿ ಕೂತದಲ್ಲ’ ಅನ್ನೋದು ಬಂದಾಗ ಕಣ್ಣು ಮುಚ್ಚಿಕೊಂಡ್ರು. ‘ಕಟ್ಟಿಗೆ ತುಂಡು ಅಷ್ಟು ಚೆನ್ನಾಗಿ ಜೋಡಿಸಿದ ಮಗು ಮಾತಲ್ಲಿ ಇಷ್ಟು ಕೆಳಗೆ ಹೇಗೆ ಬಂತು ಅಂತ ನಾನು ಕೇಳಬೇಕಿತ್ತು. ಕೇಳದೆ ಸಹಿ ಹಾಕಿದೆ’ ಅಂದರು. ಅಲ್ಲೇ ಶಾಲೆಗೆ ಫೋನ್ ಮಾಡಿದ್ರು. ಟಿ.ಸಿ. ಟೈಪಾಗಿದೆ ಅಂತ ಆ ಕಡೆಯಿಂದ ಹೇಳಿದ್ರಂತೆ. ‘ಟೈಪಾಗಿದ್ರೆ ಹರೀರಿ. ಆ ರಿಪೋರ್ಟು ರದ್ದು. ಬರವಣಿಗೇಲಿ ಕಳಿಸ್ತೀನಿ’ ಅಂದರು. ಸರ್ ದನಿ ಏರಿದ್ದು ಇದೇ ಮೊದಲು.

ಆಮೇಲೆ ನನ್ನ ಕಡೆ ತಿರುಗಿದ್ರು. ಈ ಕೇಸು ನನ್ನ ಲೆಕ್ಕಕ್ಕೆ ಸೇರಲ್ಲ, ಪೋಸ್ಟಿಂಗ್ ಒಂದು ತಿಂಗಳು ಮುಂದಕ್ಕೆ ಹೋಗ್ತದೆ. ಅದೇ ಟೆಸ್ಟನ್ನ ಇಷ್ಟು ಬೇಗ ಮತ್ತೆ ಮಾಡೋಂಗಿಲ್ಲ, ಬೇರೆ ಟೆಸ್ಟು, ಗಗನ ಮಾಡ್ಲಿ ಅಂದರು.

‘ಬೇಡಿ ಸರ್, ನಾನೇ ಮಾಡ್ತೀನಿ. ಗಗನಂಗೆ ಅವಳ ಮಾತು ತಿಳಿಯಲ್ಲ’ ಅಂದುಬಿಟ್ಟೆ. ಎಲ್ಲಿತ್ತೋ ಧೈರ್ಯ! ಗಗನ ಮುನಿಸಿಕೊಳ್ತಾಳೆ ಅಂದುಕೊಂಡೆ. ‘ನಿಜ ಸರ್, ನಂಗೂ ಆರೋಯ್ತದೆ ಅಂದಿದ್ದು ತಿಳೀಲಿಲ್ಲ’ ಅಂದಳು.

‘ಸರ್, ನಾನು ಆ ಮಗು ಥರಾನೇ ಮಾತಾಡ್ಬೋದಾ?’

‘ಮಗೂಗೆ ಅರ್ಥವಾಗೋ ಮಾತಲ್ಲಿ ಕೇಳಿ ಅಂತ ಕೈಪಿಡಿಯ ಮೊದಲನೇ ಪುಟದಲ್ಲೇ ಇದೆಯಲ್ಲಮ್ಮ’ ಅಂದರು ಸರ್.

ಫೆಬ್ರವರಿ 19, ಬುಧವಾರ

ದೇವಿರಮ್ಮಂಗೆ ಫೋನ್ ಮಾಡ್ದೆ. ತಪ್ಪು ನಂದೇ ಅಂತ ಬಿಡಿಸಿ ಹೇಳ್ದೆ. ಆಮೇಲೆ ಬಂತು ನೋಡಿ.

‘ಎಂಗವ್ವ ಅಂಗ್ ಬರ್ದ್ಬುಟ್ಟೆ? ನಮ್ ಮನೇಲಿ ಅವತ್ನಿಂದ ನೆಟ್ಗೆ ಒಲೆ ಅಚ್ಚಿಲ್ಲ. ಅವ್ರವ್ವ ಕೆಲ್ಸಕ್ಕೋಗ್ದೆ ಮಕಾಡೆ ಮಲ್ಗವ್ಳೆ. ಕೂಸು ಬಂದು ಏನ್ ಕೇಳ್ತು ಗೊತ್ತಾ? ನಾನು ಯಾವ್ದು ತಪ್ಪೇಳ್ದೆ ಅಜ್ಜಿ ಅಂತ ಕೇಳ್ತು. ಏನೇಳ್ಲಿ ನಾನು?’

‘ಯಾವ್ದೂ ತಪ್ಪೇಳಿಲ್ಲ ಕಣಜ್ಜಿ. ಶುಕ್ರುವಾರ ಕರ್ಕಂಡ್ ಬನ್ನಿ, ನಿಮ್ ಕಾಲಿಗ್ ಬೀಳ್ತೀನಿ’ ಅಂದೆ. ಅಳು ಬಂದ್ಬುಡ್ತು.

ಅಜ್ಜಿ, ‘ನೀನು ನಮ್ ಕಡ್ಯೋಳೇನವ್ವ? ಮೊನ್ನೆ ಇಂಗ್ ಮಾತಾಡ್ನಿಲ್ವಲ್ಲ’ ಅಂತು.

ಶಾಲೆ ಮೀಟಿಂಗಲ್ಲಿ ಅವಳ ಹೆಸರು ಎತ್ತಲಿಲ್ವಂತೆ. ಹೊಸ ರಿಪೋರ್ಟ್ ಬರೋವರ್ಗೂ ಕಾಯ್ತಾರಂತೆ, ಆಮೇಲೆ ನೋಡ್ತಾರಂತೆ.

ಫೆಬ್ರವರಿ 21, ಶುಕ್ರವಾರ

ಅಜ್ಜಿ ಮುಕ ಊದುಸ್ಕಂಡೇ ಬಂದ್ರು. ಕಾಲಿಗ್ ಬೀಳಕ್ಕೋದ್ರೆ, ‘ತೆಗಿ ತೆಗಿ, ಮೊದ್ಲು ಕೂಸುನ್ ನೋಡು’ ಅಂತ ಇಂದಕ್ ಸರುದ್ರು. ಸಿಂಚನ ರಿಬ್ಬನ್ ಕಚ್ಕಂಡು, ಅಜ್ಜಿ ಸೆರಗು ಇಡ್ಕಂಡು ನಿಂತಿದ್ಲು. ನನ್ ಕಡೆ ನೋಡ್ನೇ ಇಲ್ಲ.

ಸರ್ ಇಂದ್ಗಡೆ ಕುರ್ಚಿಲಿ ಕೂತಿದ್ರು. ಈ ಸಲ ಪೋನು ಆಪ್ ಮಾಡಿ ಜೇಬಿಗ್ ಹಾಕಂಡಿದ್ರು. ನಾನು ಸಿಂಚನ ಪಕ್ದಲ್ಲಿ ಚಾಪೆ ಮೇಲೇ ಕೂತ್ಕಂಡೆ. ‘ನೋಡವ್ವ, ಮೊನ್ನೆ ನಾನೇ ತಪ್ಪು ತಪ್ಪಾಗ್ ಕೇಳ್ಬುಟ್ಟಿದ್ದೆ. ನೀ ಏಳಿದ್ದೆಲ್ಲ ಸರಿ ಇತ್ತು’ ಅಂದೆ. ರಿಬ್ಬನ್ ಬಾಯಲ್ಲೇ ಇತ್ತು, ಆದ್ರೆ ಕಣ್ಣು ನನ್ ಕಡೆ ತಿರುಗ್ತು. ‘ನಿಮ್ಗೂ ತಪ್ಪಾಯ್ತದಾ?’ ಅಂದ್ಲು. ‘ಆಯ್ತದೆ, ಬೋ ಆಯ್ತದೆ’ ಅಂದೆ. ರಿಬ್ಬನ್ ಕೆಳಕ್ ಬಿತ್ತು.

ಆಮೇಲೆ ತಡ್ಯೋರ್ ಯಾರು! ಒಂದ್ ಕೇಳುದ್ರೆ ನಾಕ್ ಏಳ್ತಳೆ. ಮನೇಲ್ ಅಜ್ಜಿ ಸೊಪ್ಪು ಸೋಸಾದು, ಅವ್ರವ್ವನ್ ಬಟ್ಟೆ ಒಲ್ಯೋ ಮಿಸೀನು, ಎಲ್ಲಾ ಬಂತು ಆ ಟೆಸ್ಟಲ್ಲಿ. ಮಧ್ಯ ಬಾಯಾಕ್ದೆ ಬರ್ಕಂಡೆ. ಅಂಕ ಆ ವಯಸ್ಸಿನ್ ಮಕ್ಳಿಗೆ ಎಷ್ಟ್ ಬರ್ಬೇಕೋ ಅಷ್ಟ್ ಬಂತು. ಓದೋದ್ರಲ್ಲಿ ಇಂದೆ ಅವ್ಳೆ, ಅದು ಕೂರುಸ್ಕಂಡು ಏಳ್ಕೊಟ್ರೆ ಬತ್ತದೆ. ಸರ್ ಎಲ್ಡು ಸಲ ಕೂಡ್ಸಿ ನೋಡಿ ಸೈನ್ ಹಾಕುದ್ರು. ಅಜ್ಜಿ ಆ ಕಾಗ್ದನ ಎದೆಗ್ ಒತ್ಕಂಡು ಗೋಡೆ ಕಡೆ ತಿರುಕ್ಕಂಬುಟ್ರು.

ಒರಡೋ ಒತ್ನಲ್ಲಿ ನಂಗೆ ತಡ್ಯಕ್ಕಾಗ್ನಿಲ್ಲ. ಟೆಸ್ಟು ಮುಗ್ದಿತ್ತು, ಪುಸ್ತಕ ಮಡುಗಿ ಆಗಿತ್ತು, ಸುಮ್ನೆ ಕೇಳ್ದೆ.

‘ಸಿಂಚನಾ, ಅಕ್ಕಿ ಅಂದ್ರೆ ಏನವ್ವ?’

ಚಪ್ಲಿ ಆಕ್ಕತಾ ಇದ್ದೋಳು ತಲೆ ಎತ್ತುದ್ಲು. ಇಷ್ಟ್ ದೊಡ್ಡೋಳಾಗಿ ಇಂಗ್ ಅರ್ದಂಬರ್ದ ಕೇಳ್ತಳಲ್ಲ ಅನ್ನೋ ತರ ನನ್ನೇ ನೋಡುದ್ಲು.

‘ಯಾವಕ್ಕಿ ಅಕ್ಕ? ಬೇಯ್ಸೋ ಅಕ್ಕಿಯಾ, ಆರೋ ಅಕ್ಕಿಯಾ?’

ಇಂದ್ಗಡೆ ಸರ್ ನಕ್ಕಿದ್ದು ಕೇಳುಸ್ತು.

‘ಎಲ್ಡೂ ಏಳು’ ಅಂದೆ.

ಎಲ್ಡೂ ಏಳುದ್ಲು.